ನಾನು ಹದಕ್ಕೆ ತಂದ ಟ್ರಿಗರ್

ನಮ್ಮ ರೈಫಲ್ ಕ್ಲಬ್ಬಿನ ಸೆಕ್ರೆಟರಿಯ ಮೇಲಿನ ನನ್ನ ಸಿಟ್ಟು ಈಗ ಹಳತಾಗಿದೆ, ಆದರೆ ಕೆಟ್ಟಿಲ್ಲ. ಮಿಡಿ ಉಪ್ಪಿನಕಾಯಿಯ ಹಾಗೆ ಅದನ್ನು ಜೋಪಾನ ಮಾಡಿದ್ದೇನೆ, ಒದ್ದೆ ಸೌಟು ಹಾಕಲು ಯಾರನ್ನೂ ಬಿಟ್ಟಿಲ್ಲ. ಕ್ಷಮಿಸಿಬಿಡು, ಮನಸ್ಸು ಹಗುರವಾಗುತ್ತದೆ ಎನ್ನುವವರು ಬಹಳ ಮಂದಿ. ನನ್ನ ಮನಸ್ಸು ಈಗಿರುವ ಭಾರದಲ್ಲೇ ಚೆನ್ನಾಗಿದೆ.

ಇದು ಎರಡು ಸಾವಿರದ ಎಂಟು, ಒಂಬತ್ತರ ಸುಮಾರಿನ ಮಾತು. ಡೊಂಬಿವಲಿಯ ಫ್ಲ್ಯಾಟಿನಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ನಾನು ನವಿ ಮುಂಬಯಿಯ ಕಾರ್ಖಾನೆ ಪ್ರದೇಶದಲ್ಲಿ, ಪ್ರೆಶರ್ ಗೇಜು ಮತ್ತು ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ವಿಠ್ಠಲವಾಡಿಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಗುಡ್ಡದ ಬುಡದ ಕ್ಲಬ್ಬಿಗೆ ಹೋಗುತ್ತಿದ್ದೆ. ಕಾಲೇಜಿನ ದಿನಗಳಲ್ಲಿ ಹಿಡಿದ ಹುಚ್ಚು ಅದು. ನೆಲದ ಮೇಲೆ ಮಲಗಿ, ಪಾಯಿಂಟ್ ಟೂಟೂ ರೈಫಲಿನಿಂದ ಐವತ್ತು ಮೀಟರ್ ದೂರದ ಕಾಗದದ ಗುರಿಗೆ ಹೊಡೆಯುವುದು. ಮದುವೆಯಾಗಲಿಲ್ಲ, ಇದಾದರೂ ಇರಲಿ ಎಂದು ಅಪ್ಪ ಸುಮ್ಮನಿದ್ದರು.

ಕ್ಲಬ್ಬಿನಲ್ಲಿ ಗುರಿಗೆ ಹೊಡೆಯುವಂಥ ರೈಫಲ್ ಇದ್ದದ್ದು ಎರಡೇ. ಒಂದರ ನಳಿಗೆ ಸವೆದುಹೋಗಿತ್ತು, ಆದರೆ ಟ್ರಿಗರ್ ಮೃದುವಾಗಿತ್ತು. ಇನ್ನೊಂದರ ನಳಿಗೆ ಹೊಸದರಂತೆ ಇತ್ತು, ಟ್ರಿಗರ್ ಮಾತ್ರ ಕತ್ತೆಯಂಥದ್ದು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಮೃದು ಟ್ರಿಗರಿನದಕ್ಕೆ ಎಲ್ಲರೂ ಮುಗಿಬೀಳುತ್ತಿದ್ದರು, ಕತ್ತೆ ನನ್ನ ಪಾಲಿಗೆ ಬರುತ್ತಿತ್ತು.

ಯಾಕೆ ನನ್ನ ಪಾಲಿಗೆ ಎಂದರೆ, ಹಂಚುವವರು ಸೆಕ್ರೆಟರಿ. ಅವರು ನಮ್ಮ ಉಡುಪಿ ಕಡೆಯವರೇ. ಠಾಣೆಯಲ್ಲಿ ಎರಡು ವೆಜಿಟೇರಿಯನ್ ಹೋಟೆಲುಗಳ ಧಣಿ. ಅಪ್ಪ ಅವರ ಹೋಟೆಲಿನಲ್ಲಿ ವರ್ಷಗಟ್ಟಲೆ ಮ್ಯಾನೇಜರ್ ಆಗಿದ್ದವರು. ಶಾಲೆ ಬಿಟ್ಟ ಮೇಲೆ ಅಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದವಳು ನಾನು. ಒಂದು ದಿನ ಸಾಂಬಾರು ಹುಳಿಯಾಗಿದೆ ಎಂದು ಯಾರೋ ಗಿರಾಕಿ ದೂರಿದ್ದಕ್ಕೆ, ಆ ಮನುಷ್ಯ ತುಂಬಿದ ಹೋಟೆಲಿನಲ್ಲಿ ಅಪ್ಪನನ್ನು ಎದ್ದು ನಿಲ್ಲಿಸಿ, ಎಲ್ಲರೆದುರು ಆ ಸಾಂಬಾರನ್ನು ಕುಡಿಸಿದರು. ಅಪ್ಪ ಕುಡಿದರು, ಬಾಯಿ ಒರೆಸಿಕೊಂಡರು, ಮತ್ತೆ ಕೂತು ಬಿಲ್ಲು ತೆಗೆದುಕೊಳ್ಳತೊಡಗಿದರು. ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದ್ದಕ್ಕೆ, ಅವರ ಉಪ್ಪು ತಿಂದಿದ್ದೇವೆ, ಇಂಥದ್ದೆಲ್ಲ ಆಡಿಕೊಂಡು ತಿರುಗಬಾರದು ಎಂದರು. ನಾನು ಆಡಿಕೊಂಡು ತಿರುಗಲಿಲ್ಲ. ಆದರೆ ಮರೆಯಲೂ ಇಲ್ಲ.

ಆ ಕೆಟ್ಟ ಟ್ರಿಗರ್ ಹೇಗಿತ್ತೆಂದು ಹೇಳಬೇಕು. ಬೆರಳಿಟ್ಟು ಒತ್ತಿದರೆ ಸ್ವಲ್ಪ ಸರಿಯುತ್ತದೆ, ತಡೆಯುತ್ತದೆ. ಇನ್ನೂ ಒತ್ತಿದರೆ ಕರಕರ ಎಂದು ಮತ್ತೆ ಸರಿದು ಮತ್ತೆ ತಡೆಯುತ್ತದೆ. ಇನ್ನೇನು ಹಾರುತ್ತದೆ ಎಂದು ಉಸಿರು ಹಿಡಿದರೆ ಹಾರುವುದಿಲ್ಲ. ಉಸಿರು ಬಿಡುವ ಹೊತ್ತಿಗೆ ಢಂ. ಗುರಿ ಎಲ್ಲೋ, ಗುಂಡು ಎಲ್ಲೋ. ಒಮ್ಮೆ ಇದನ್ನು ಸೆಕ್ರೆಟರಿಗೆ ಹೇಳಿದೆ. ನನ್ನ ಜೊತೆ ಯಾವಾಗಲೂ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡುವ ಮನುಷ್ಯ, ಅವತ್ತು ಚಹಾ ಕುಡಿಯುತ್ತಿದ್ದ ಎಲ್ಲರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದರು: "ನಾಚತಾ ಯೇಈನಾ, ಅಂಗಣ ವಾಕಡೇ." ನಮ್ಮಲ್ಲೂ ಇದೆ ಆ ಗಾದೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕನ್ನಡದಲ್ಲಿ ಹೇಳಿದ್ದರೆ ನನಗೊಬ್ಬಳಿಗೆ ತಾಗುತ್ತಿತ್ತು. ಮರಾಠಿಯಲ್ಲಿ ಹೇಳಿದ್ದರಿಂದ ಎಲ್ಲರೂ ನಕ್ಕರು.

ಅವತ್ತೇ ತೀರ್ಮಾನಿಸಿದೆ, ಈ ನೆಲವನ್ನು ಸಮ ಮಾಡಿಯೇ ಕುಣಿಯುತ್ತೇನೆ.

ರೈಫಲನ್ನು ಕ್ಲಬ್ಬಿನಿಂದ ಹೊರಗೆ ಒಯ್ಯುವಂತಿಲ್ಲ, ಅದು ಕಾನೂನು. ಅಲ್ಲೇ, ಬಂದೂಕಿನ ಕೋಣೆ ಕಾಯುವವನ ಕಣ್ಣೆದುರಲ್ಲೇ, ಹಿಂದಿನ ಮೇಜಿನ ಮೇಲೆ ರಿಪೇರಿ ಮಾಡಬಹುದೇ ಎಂದು ಸೆಕ್ರೆಟರಿಯನ್ನು ಕೇಳಿದೆ. ಕೆಟ್ಟದ್ದನ್ನು ಇನ್ನೆಷ್ಟು ಕೆಡಿಸುತ್ತಾಳೆ, ಮಾಡಲಿ ಎಂದು ಒಪ್ಪಿಗೆ ಕೊಟ್ಟರು, ಮಾತು ಕಮಿಟಿಯವರೆಗೆ ಹೋಗಲಿಲ್ಲ. ಒಂದು ಮಳೆಗಾಲ ಪೂರ್ತಿ, ರೇಂಜು ಒದ್ದೆಯಾಗಿ ಬೇರೆಯವರು ಯಾರೂ ಬಾರದ ಭಾನುವಾರಗಳಲ್ಲಿ, ನಾನು ಆ ಟ್ರಿಗರಿನ ಮುಂದೆ ಕೂತೆ.

ಬಿಚ್ಚಿ ನೋಡಿದರೆ ದೊಡ್ಡ ರಹಸ್ಯವೇನೂ ಇರಲಿಲ್ಲ. ಒಂದು ಉಕ್ಕಿನ ಕೊಕ್ಕೆ ಸ್ಪ್ರಿಂಗಿನ ಬಲವನ್ನು ತಡೆದು ನಿಲ್ಲುತ್ತದೆ, ಟ್ರಿಗರ್ ಒತ್ತಿದಾಗ ಆ ಕೊಕ್ಕೆ ಜಾರಬೇಕು. ಇದರಲ್ಲಿ ಕೊಕ್ಕೆಯ ಮುಖ ಒರಟಾಗಿತ್ತು, ದಪ್ಪ ಲೆನ್ಸಿನಲ್ಲಿ ನೋಡಿದರೆ ಉತ್ತ ಗದ್ದೆಯಂತೆ ಗೀರುಗಳು. ಹಿಂದೆ ಯಾರೋ ಅವಸರದವನು ಅರ ಹಾಕಿ ಉಜ್ಜಿದ್ದನೆಂದು ಕಾಣುತ್ತದೆ. ಗೇಜುಗಳ ಒಳಗಿನ ಸಣ್ಣ ಭಾಗಗಳಿಗೆ ನಾವು ಬಳಸುವ ನಯವಾದ ಸಾಣೆಕಲ್ಲು ನನ್ನ ಬಳಿ ಇತ್ತು. ಕೊಕ್ಕೆಯ ಕೋನ ಕೆಡಿಸದೆ, ಮುಖದ ಗೀರು ಮಾತ್ರ ಹೋಗುವ ಹಾಗೆ, ನಾಲ್ಕು ಸಲ ತೀಡುವುದು, ಒರೆಸುವುದು, ಲೆನ್ಸಿನಲ್ಲಿ ನೋಡುವುದು. ಹೆಚ್ಚು ತೀಡಿದರೆ ಮುಗಿಯಿತು, ಉಕ್ಕು ಮತ್ತೆ ಬೆಳೆಯುವುದಿಲ್ಲ. ನನ್ನಂಥ ಮುಂಗೋಪಿಗೆ ಅಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ಅಪ್ಪ ಕೇಳುತ್ತಿದ್ದರು. ಸಿಟ್ಟಿನಿಂದಲೇ ಬಂತು. ಪ್ರತಿ ಸಲ ತೀಡುವಾಗ ಆ ಮನುಷ್ಯನ ಮುಖ ನೆನೆಸಿಕೊಳ್ಳುತ್ತಿದ್ದೆ, ಕೈ ತಾನಾಗಿ ಹಗುರವಾಗುತ್ತಿತ್ತು.

ಆಮೇಲೆ ಸ್ಪ್ರಿಂಗು. ಸ್ವಲ್ಪ ಮೆತ್ತಗಿನದನ್ನು ಹುಡುಕಿ ಹಾಕಿದೆ. ಕಂಪನಿಯ ತೂಕದ ಬಟ್ಟುಗಳನ್ನು ಟ್ರಿಗರಿಗೆ ನೇತುಹಾಕಿ, ಎಷ್ಟು ಭಾರಕ್ಕೆ ಬಿಡುತ್ತದೆ ಎಂದು ಅಳೆದೆ. ಹಗುರವಾಯಿತು ಎಂದು ಹಿಗ್ಗಿ, ಖಾಲಿ ರೈಫಲಿನ ಬೋಲ್ಟ್ ಹಾಕಿ, ಹಿಡಿಯನ್ನು ರಬ್ಬರ್ ಚಾಪೆಯ ಮೇಲೆ ಕುಟ್ಟಿ ನೋಡಿದರೆ ಟಕ್ ಎಂದು ತಾನಾಗಿ ಬಿಟ್ಟುಕೊಂಡಿತು. ಮುಟ್ಟದೆ ಹಾರುವ ಬಂದೂಕು ಯಾರ ಪ್ರಾಣಕ್ಕೋ ಕುತ್ತು. ಮತ್ತೆ ಬಿಚ್ಚಿ, ಮತ್ತೆ ಸ್ವಲ್ಪ ಭಾರಕ್ಕೆ ತಂದು, ಎಷ್ಟು ಕುಟ್ಟಿದರೂ ಬಿಡದ ಹಾಗೆ ಆದ ಮೇಲೆ ಸ್ಕ್ರೂ ಬಿಗಿದೆ. ದಸರೆಯ ಹೊತ್ತಿಗೆ ಅದು ಹದಕ್ಕೆ ಬಂತು. ಬೆರಳಿಡುವುದು, ಒತ್ತುವುದು, ಸರಿಯುವುದಿಲ್ಲ, ತಡೆಯುವುದಿಲ್ಲ, ಹಪ್ಪಳದ ಅಂಚು ಮುರಿದ ಹಾಗೆ ಚಕ್ಕನೆ ಬಿಡುತ್ತದೆ. ಮೊದಲ ದಿನ ಹೊಡೆದ ಗುಂಡುಗಳು ಒಂದರ ಮೇಲೊಂದು ಕೂತವು. ನಳಿಗೆ ಅಷ್ಟು ಒಳ್ಳೆಯದೆಂದು ಅವತ್ತಿನವರೆಗೆ ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜನವರಿಯಲ್ಲಿ ಟ್ರಯಲ್ ಇತ್ತು. ರಾಜ್ಯಮಟ್ಟದ ಸ್ಪರ್ಧೆಗೆ ನಮ್ಮ ಕ್ಲಬ್ಬಿನಿಂದ ಹೆಂಗಸರದು ಒಂದೇ ಸೀಟು. ನನಗೆ ಮೂವತ್ತಾರು. ಕಣ್ಣು ಇನ್ನೂ ಚೆನ್ನಾಗಿತ್ತು, ಬೆನ್ನು ಆಗಲೇ ತಕರಾರು ಶುರುಮಾಡಿತ್ತು. ಆ ಸೀಟು ಆ ವರ್ಷ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆ ರೈಫಲ್ ಕೈಯಲ್ಲಿದ್ದರೆ ಅದು ನನ್ನದೇ ಎಂದು ಕ್ಲಬ್ಬಿನ ಗೋಡೆಗೂ ಗೊತ್ತಿತ್ತು.

ಸೆಕ್ರೆಟರಿಗೂ ಗೊತ್ತಾಯಿತು. ಡಿಸೆಂಬರಿನ ಒಂದು ಭಾನುವಾರ ನನ್ನ ಕೈಯಿಂದ ರೈಫಲ್ ಇಸಿದುಕೊಂಡು ಐದು ಗುಂಡು ಹೊಡೆದು ನೋಡಿದರು. ಮುಂದಿನ ವಾರ ಬೋರ್ಡಿನ ಮೇಲೆ, ಆ ರೈಫಲ್ ಅವರ ಮಗಳಿಗೆ, ಸವೆದ ನಳಿಗೆಯದು ನನಗೆ. ಮಗಳು ಖಾರಘರದ ಕಾಲೇಜಿನಲ್ಲಿ ಓದುತ್ತಿದ್ದಳು. ಒಳ್ಳೆಯ ಹುಡುಗಿ, ಒಳ್ಳೆಯ ಕೈ. ತನ್ನ ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ಅವಳ ಮೇಲೆ ನನಗೆ ಏನೂ ಇರಲಿಲ್ಲ. ಆದರೆ ಅದೇ ದಿನ ಕಮಿಟಿಯವರು, ಊರೂರಿನ ಸದಸ್ಯರು ಎಲ್ಲ ಸೇರಿದ್ದಾಗ, ಈ ಟ್ರಿಗರ್ ಹೇಗೆ ಸರಿಯಾಯಿತು ಎಂದು ಒಬ್ಬರು ಕೇಳಿದರು. ಸೆಕ್ರೆಟರಿ ಎದೆ ಮುಟ್ಟಿಕೊಂಡು, "ಮೀ ಸ್ವತಃ ಕೇಲಾ" ಎಂದರು. ನಾನೇ ಮಾಡಿದೆ ಎಂದು. ನಾನು ಅಲ್ಲೇ, ಎರಡು ಕುರ್ಚಿ ಆಚೆ, ಕೈಯಲ್ಲಿ ವಡಾಪಾವ್ ಹಿಡಿದು ಕೂತಿದ್ದೆ. ಅವರು ನನ್ನ ಕಡೆ ನೋಡಿಯೇ ಹೇಳಿದರು. ಇವಳು ಬಾಯಿ ಬಿಡುವುದಿಲ್ಲ, ಇವಳ ಅಪ್ಪನೂ ಬಿಡಲಿಲ್ಲ ಎಂಬ ನಂಬಿಕೆ ಆ ಮುಖದಲ್ಲಿತ್ತು.

ನಿಜವೇ, ನಾನು ಬಾಯಿ ಬಿಡಲಿಲ್ಲ. ನಮ್ಮವರಲ್ಲಿ ಧಣಿಯನ್ನು ನಾಲ್ಕು ಜನರೆದುರು ಸುಳ್ಳ ಎನ್ನುವ ಪದ್ಧತಿ ಇಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಪೇಪರಿನಿಂದ ಕಣ್ಣೆತ್ತದೆ, ಬಿಡು ಮಗಾ, ದೇವರು ನೋಡುತ್ತಾನೆ ಎಂದರು. ದೇವರಿಗೆ ಬೇರೆ ಕೆಲಸ ಇದೆ, ನಾನೇ ನೋಡಿಕೊಳ್ಳುತ್ತೇನೆ ಎಂದು ಒಳಗೆ ಹೋಗಿ ಮಲಗಿದೆ. ಹೇಗೆ ನೋಡಿಕೊಳ್ಳುವುದೆಂದು ಮಾತ್ರ ಗೊತ್ತಿರಲಿಲ್ಲ.

ಟ್ರಯಲಿನ ಬೆಳಿಗ್ಗೆ ಚಳಿಯೆಂದರೆ ಚಳಿ. ಠಾಣೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಕಲ್ಯಾಣ ದಾಟಿ ಗುಡ್ಡದ ಬುಡಕ್ಕೆ ಬಂದರೆ ಜನವರಿಯಲ್ಲಿ ಬಾಯಿಂದ ಹೊಗೆ ಬರುತ್ತದೆ. ಎರಡು ಸರದಿ ಇತ್ತು. ಸೆಕ್ರೆಟರಿಯ ಮಗಳದು ಮೊದಲನೆಯದು, ನನ್ನದು ಎರಡನೆಯದು. ನಾನು ಹಿಂದಿನ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದೆ. ಹುಡುಗಿ ಚಾಪೆಯ ಮೇಲೆ ಮಲಗಿ, ಗುಂಡಿಲ್ಲದೆ ಅಭ್ಯಾಸಕ್ಕೆಂದು ಬೋಲ್ಟ್ ಹಾಕಿ ಟ್ರಿಗರ್ ಒತ್ತಿದಳು. ಅದು ಒಳಗೆ ಹೋದದ್ದು ಹಿಂದೆ ಬರಲಿಲ್ಲ. ಮತ್ತೆ ಬೋಲ್ಟ್ ಎಳೆದು ಹಾಕಿದರೆ ಕೊಕ್ಕೆ ಹಿಡಿಯುತ್ತಲೇ ಇರಲಿಲ್ಲ. ರೈಫಲ್ ಸತ್ತು ಮಲಗಿತ್ತು.

ಸೆಕ್ರೆಟರಿ ಓಡಿ ಬಂದರು. ಸ್ವೆಟರಿನ ಒಳಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದು ಟ್ರಿಗರಿನ ಸಂದಿಗೆ ನಾಲ್ಕು ಹನಿ ಬಿಟ್ಟರು. ಆಗದಿದ್ದಾಗ ಇನ್ನೂ ನಾಲ್ಕು ಹನಿ. ಗಾಳಿ ಈ ಕಡೆಗೆ ಬೀಸಿತು, ವಾಸನೆ ಬಂತು, ನನಗೆ ಎಲ್ಲ ತಿಳಿಯಿತು. ತೆಂಗಿನೆಣ್ಣೆ! ಊರಿನ ಗಾಣದ ಶುದ್ಧ ತೆಂಗಿನೆಣ್ಣೆ. ಆ ಮನುಷ್ಯನಿಗೆ ಅದೊಂದು ನಂಬಿಕೆ. ತಲೆಗೆ ಅದೇ, ದೇವರ ದೀಪಕ್ಕೆ ಅದೇ, ಹೋಟೆಲಿನ ಗ್ರೈಂಡರಿನ ಬೇರಿಂಗಿಗೆ, ಶಟರಿನ ಬೀಗಕ್ಕೆ ಅದೇ. ಮಗಳ ಟ್ರಿಗರ್ ಇನ್ನೂ ನಯವಾಗಲಿ ಎಂದು ಹಿಂದಿನ ದಿನ ಧಾರಾಳವಾಗಿ ಹೊಯ್ದಿರಬೇಕು. ನಮ್ಮ ಕಡೆಯವರು ಮಾತ್ರ ಮಾಡಬಲ್ಲ ತಪ್ಪು ಅದು. ಈ ಕಡೆ ಜನವರಿ ಬಂತೆಂದರೆ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನೂ ಬಿಸಿಲಿಗೆ ಇಡಬೇಕು, ಇಲ್ಲದಿದ್ದರೆ ಮೇಣ. ಅವರ ಬಾಟಲಿ ಎದೆಯ ಬಿಸಿಗೆ ನೀರಾಗಿಯೇ ಇತ್ತು. ಹನಿ ಹನಿಯೂ ತಣ್ಣಗಿನ ಉಕ್ಕಿಗೆ ಬಿದ್ದು ಬಿಳಿ ಬಿಳಿಯಾಗಿ ಗಟ್ಟಿಯಾಗುತ್ತಿತ್ತು, ಅವರು ಇನ್ನೂ ಹೊಯ್ಯುತ್ತಿದ್ದರು.

ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಶಾಲು ಇನ್ನಷ್ಟು ಬಿಗಿಯಾಗಿ ಹೊದ್ದೆ. ಆ ಬೆಳಿಗ್ಗೆಯ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಚಹಾ ತರಿಸಿ ಕುಡಿದೆ.

ಅವತ್ತಿನ ರೇಂಜ್ ಆಫೀಸರ್ ಒಬ್ಬರು ರಿಟೈರಾದ ಮರಾಠಿ ಮಾಸ್ತರರು, ನಿಯಮದ ಮನುಷ್ಯ. ಸರಿಮಾಡಿಕೊಳ್ಳಲು ಕಾಲು ಗಂಟೆ ಕೊಡುತ್ತೇನೆ, ಆಗದಿದ್ದರೆ ಹುಡುಗಿ ಹೊರಗೆ ಎಂದರು. ಸೆಕ್ರೆಟರಿ ಯಾರನ್ನಾದರೂ ಕರೆಸುತ್ತೇನೆ ಎಂದು ತೊದಲಿದಾಗ, ಮಾಸ್ತರರು ಯಾವ ಕೊಂಕೂ ಇಲ್ಲದೆ, ಯಾಕೆ, ನೀವೇ ಮಾಡಿದ್ದಲ್ಲವೇ ಸಾಹೇಬರೇ, ನೀವೇ ಬಿಚ್ಚಿ ಎಂದರು. ಸೆಕ್ರೆಟರಿ ಸ್ಕ್ರೂಡ್ರೈವರ್ ಹಿಡಿದು ರೈಫಲನ್ನು ಆ ಕಡೆ ಈ ಕಡೆ ತಿರುಗಿಸಿದರು. ಯಾವ ಸ್ಕ್ರೂ ಎಂಬುದೇ ಗೊತ್ತಿಲ್ಲ. ಅಷ್ಟು ಚಳಿಯಲ್ಲಿ ಹಣೆಯ ಮೇಲೆ ಬೆವರು.

ಕೊನೆಗೆ ನನ್ನ ಬೆಂಚಿನ ಬಳಿ ಬಂದರು. ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ತುಳುವಿನಲ್ಲಿ, ಒಮ್ಮೆ ನೋಡು ಮಗಾ ಎಂದರು. ಮಗಾ ಎಂದು ಆ ಬಾಯಿಂದ ನನಗೆ ಅದೇ ಮೊದಲು.

ನಾನು ಎದ್ದು ನಿಂತೆ. ಸಣ್ಣ ದನಿ ಮಾಡಲಿಲ್ಲ.

"ಮಾಮ, ಈ ಟ್ರಿಗರ್ ಯಾರು ಮಾಡಿದ್ದು ಅಂತ ಒಮ್ಮೆ ಹೇಳಿ. ಮರಾಠಿಯಲ್ಲಿ ಹೇಳಿ, ಎಲ್ಲರಿಗೂ ಅರ್ಥ ಆಗಲಿ."

"ಇಲ್ಲಿ ಬೇಡ ಮಾರಾಯ್ತಿ. ಸಂಜೆ ಮನೆಗೆ ಬಾ, ಕೂತು ಮಾತಾಡುವ."

"ಮನೆಯಲ್ಲಿ ರೈಫಲ್ ಇಲ್ಲ ಮಾಮ."

ಅವರು ಮಗಳ ಕಡೆ ನೋಡಿದರು. ಹುಡುಗಿ ಚಾಪೆಯ ಮೇಲೆ ಎದ್ದು ಕೂತು ಅಳು ತಡೆದುಕೊಂಡಿದ್ದಳು. ಮಾಸ್ತರರು ಗಡಿಯಾರ ನೋಡಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಹುಳಿ ಸಾಂಬಾರಿಗೆ ಹೋದ ಮಾನ ಬರುತ್ತದೋ ಇಲ್ಲವೋ ನೋಡೋಣ ಎಂದು ನಾನು ಕಾದೆ. ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು ಸಭೆಯ ಕಡೆ ತಿರುಗಿದರು. "ಹಾ ಟ್ರಿಗರ್ ಮೀ ನಾಹೀ ಕೇಲಾ. ಹಿನೇ ಕೇಲಾ." ನಾನು ಮಾಡಿದ್ದಲ್ಲ, ಇವಳು ಮಾಡಿದ್ದು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಹೇಳಿದರು.

ಗೇಜು ತೊಳೆಯುವ ವೈಟ್ ಪೆಟ್ರೋಲಿನ ಬಾಟಲಿ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಟ್ರಿಗರ್ ಬಿಚ್ಚಿ ತೊಳೆದು, ಒರೆಸಿ ಒಣಗಿಸಿ, ಖಾಲಿ ಕುಟ್ಟಿ ನೋಡಿ, ಹುಡುಗಿಯ ಕೈಗೆ ಕೊಟ್ಟೆ. ಕೆಲಸದಲ್ಲಿ ಮೋಸ ಮಾಡಲಿಲ್ಲ, ಅದು ನನ್ನ ಕೈಗೆ ಬರುವುದಿಲ್ಲ. ಅವಳು ಎರಡೂ ಕೈಯಿಂದ ತೆಗೆದುಕೊಂಡು, ಮಲಗಿ ಹೊಡೆದಳು. ಚೆನ್ನಾಗಿ ಹೊಡೆದಳು. ನನ್ನ ಟ್ರಿಗರ್ ಅರುವತ್ತು ಗುಂಡಿಗೂ ಹಪ್ಪಳದಂತೆ ಮುರಿಯಿತು, ಹಿಂದೆ ಕೂತು ಒಂದೊಂದನ್ನೂ ಕೇಳಿಸಿಕೊಂಡೆ.

ಎರಡನೇ ಸರದಿಗೆ ನಾನು ಸವೆದ ನಳಿಗೆಯ ರೈಫಲ್ ಹಿಡಿದು ಮಲಗಿದೆ. ಮೈತುಂಬ ಗೆದ್ದ ಸಂತೋಷ. ಗುರಿ ಸ್ಥಿರ, ಉಸಿರು ಸ್ಥಿರ. ಆದರೆ ಆ ನಳಿಗೆಗೆ ನನ್ನ ಸಂತೋಷ ಗೊತ್ತಿರಲಿಲ್ಲ, ನಡುವೆ ನಡುವೆ ಒಂದೊಂದು ಗುಂಡನ್ನು ತನಗೆ ಬೇಕಾದ ಕಡೆ ಎಸೆಯಿತು. ಎಲ್ಲ ಕೂಡಿಸಿದಾಗ ಹುಡುಗಿಗಿಂತ ನನಗೆ ಮೂರು ಪಾಯಿಂಟು ಕಡಿಮೆ. ಸೀಟು ಅವಳಿಗೆ.

ಚೀಲ ಕಟ್ಟುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ಥ್ಯಾಂಕ್ಸ್ ಹೇಳಿ, "ದೀದಿ, ಆಪ್‌ನೇ ರೈಫಲ್ ಕ್ಯೂಂ ನಹೀಂ ಮಾಂಗೀ?" ಎಂದಳು. ನೀವು ರೈಫಲನ್ನೇ ಯಾಕೆ ಕೇಳಲಿಲ್ಲ ಎಂದು. ತನ್ನದು ಮೊದಲ ಸರದಿ, ಎರಡನೆಯದಕ್ಕೆ ಆ ರೈಫಲ್ ಖಾಲಿಯೇ ಬಿದ್ದಿತ್ತು, ಆ ಹೊತ್ತಿನಲ್ಲಿ ಪಪ್ಪಾ ಏನು ಕೇಳಿದ್ದರೂ ಕೊಡುತ್ತಿದ್ದರು ಎಂದಳು. ಅವಳ ಮುಖದಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಕೇಳಬೇಕೆಂದು ಹೊಳೆದೇ ಇರಲಿಲ್ಲ. ಆ ಮನುಷ್ಯ ನನ್ನ ಮುಷ್ಟಿಯಲ್ಲಿದ್ದ ಕಾಲು ಗಂಟೆಯಲ್ಲಿ ನಾನು ಕೇಳಿದ್ದು ಒಂದು ವಾಕ್ಯವನ್ನು. ಅದನ್ನು ಕೇಳಿಸಿಕೊಂಡವರು ಊಟದ ಹೊತ್ತಿಗೆ ಮರೆತಿದ್ದರು. ವಿಠ್ಠಲವಾಡಿಯ ಪ್ಲ್ಯಾಟ್‌ಫಾರಂ ಮೇಲೆ ನಿಂತು ನನ್ನನ್ನೇ ನಾನು ಬಾಯಿಗೆ ಬಂದ ಹಾಗೆ ಬೈದುಕೊಂಡೆ. ಆದರೂ, ಹೇಳಬೇಕು, ಆ ವಾಕ್ಯವನ್ನು ಹಿಂದೆ ಕೊಟ್ಟು ಸೀಟು ತೆಗೆದುಕೊಳ್ಳುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಮನೆಗೆ ಬಂದಾಗ ಅಪ್ಪ ಬಾಗಿಲ ಬಳಿಯೇ ಪೇಪರ್ ಹಿಡಿದು ಕೂತಿದ್ದರು. ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದೆ. ಎಣ್ಣೆಯ ಹತ್ತಿರ ಬಂದಾಗ ಅವರ ತುಟಿ ಅಲುಗಿತು. ಧಣಿ ಬೆಂಚಿನ ಬಳಿ ಬಂದರು ಎಂದಾಗ ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಎಲ್ಲರೆದುರು ಹೇಳಿದರಾ ಎಂದು ಕೇಳಿದರು. ಹೌದು ಎಂದೆ. ಎಷ್ಟು ಜನ ಇದ್ದರು, ಏನು ಹೇಳಿದರು, ಅವರು ಹೇಳಿದ ಹಾಗೆಯೇ ಹೇಳು ಎಂದರು. ಹೇಳಿದೆ. ಇನ್ನೊಮ್ಮೆ ಹೇಳು ಎಂದರು. ನನ್ನ ಅಪ್ಪ, ಯಾರ ಮೇಲೂ ಒಂದು ಕೆಟ್ಟ ಮಾತಾಡದ ಮನುಷ್ಯ, ಕಣ್ಣು ಮುಚ್ಚಿ ಆ ವಾಕ್ಯವನ್ನು ಎರಡನೇ ಸಲ ಕೇಳಿದರು. ಆಮೇಲೆ ಒಳಗೆ ಹೋಗಿ ತಾವೇ ಕಾಫಿ ಮಾಡಿ ಎರಡು ಲೋಟ ತಂದರು. ಸೀಟು ಯಾರಿಗೆ ಸಿಕ್ಕಿತು ಎಂದು ಆ ಇಡೀ ಸಂಜೆ ಅವರು ಕೇಳಲೇ ಇಲ್ಲ.